ವೈನಿ ತಪ್ಪಾಗಿ ಹಾಡಿದ್ದು

ಸೋಲೊಪ್ಪುವುದು ನನಗೆ ಅಭ್ಯಾಸವಿಲ್ಲದ ಕೆಲಸ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಪರವೋ ವಿರೋಧವೋ ಎಂದು ಕೇಳುವ ಮೊದಲೇ ವಾದ ಶುರುಮಾಡುತ್ತಿದ್ದವಳು ನಾನು. ಆದರೂ ಬರೆದುಕೊಡುತ್ತೇನೆ: ಮಗುವಿನ ಸಂಗೀತಾಭ್ಯಾಸಕ್ಕೆ ಮನೆಯವರು ಹೇಗೆ ನೆರವಾಗಬೇಕು ಎಂಬ ವಿಷಯದಲ್ಲಿ, ಸರಿಗಮದ ಗಂಧವಿಲ್ಲದ ನಮ್ಮ ವೈನಿಯ, ಅಂದರೆ ಅತ್ತಿಗೆಯ, ಮುಂದೆ ಸೋತಿದ್ದೇನೆ.

ಅಣ್ಣ–ವೈನಿಯ ಮಗಳು ಗೌರಿಗೆ ಹತ್ತು ವರ್ಷ. ಗಾಯನ ಕಲಿಯುತ್ತಾಳೆ. ಅಣ್ಣನ ಪ್ರೋತ್ಸಾಹ ಎಂದರೆ, ಅಥಣಿ ರಸ್ತೆಯ ನಮ್ಮ ಮನೆಗೆ ಊರು ಸಾರವಾಡದಿಂದ ಯಾರೇ ಬಂದು ಚಹಾದ ಬಸಿ ಹಿಡಿಯಲಿ, "ಗೌರಿ, ಒಂದ್ ಹಾಡ ಬೇ." ಹುಡುಗಿ ಜಾಣೆ. ಚೆನ್ನಾಗಿ ಬರುವ ಒಂದೇ ಭಜನೆ ಹಾಡಿ, ಶಾಬಾಸ್ ಗಿಟ್ಟಿಸಿ ಒಳಗೆ ಓಡುತ್ತಿದ್ದಳು. ಸ್ವರಗಳು ಸರಸರನೆ ಏರಿಳಿಯುವ ತಾನ ಮಾತ್ರ ಬಾರದೇ ಉಳಿಯಿತು. ಕೊನೆಗೆ ಗುರುಗಳು ಹೇಳಿದರು: ಭಾನುವಾರದೊಳಗೆ ತಾನ ಮುಗಿಸಿ ತಾಳದ ಮೊದಲ ಪೆಟ್ಟಿಗೆ, ಅಂದರೆ ಸಮಕ್ಕೆ, ಸರಿಯಾಗಿ ಬಂದು ಇಳಿಯಬೇಕು. ಇಲ್ಲವಾದರೆ ಮತ್ತೆ ಸಣ್ಣ ಮಕ್ಕಳ ಸಾಲು.

"ಹಂಗಾದ್ರ ನಾ ಹೋಗೂದ ಇಲ್ಲ," ಎಂದಳು ಗೌರಿ. ಅವಳು ಹಟಮಾರಿ, ಹೇಳಿದಂತೆ ಬಿಟ್ಟೇಬಿಡುವವಳು.

ನಾನು ವಾದ ಮಂಡಿಸಿದೆ. ಸಂಗೀತ ಬಾರದವರು ಬಾಗಿಲಿನಾಚೆ ಇರಬೇಕು. ಮಗುವಿಗೆ ಬೇಕಾದದ್ದು ಪ್ರತ್ಯೇಕ ಕೋಣೆ, ಮೊಬೈಲಿನ ತಬಲಾ, ಗಡಿಯಾರ. ಎಲ್ಲ ಒದಗಿಸಿದೆ. ಎರಡು ದಿನ ಕೋಣೆಯೊಳಗೆ ತಬಲಾ ಒಂದೇ ಅಭ್ಯಾಸ ಮಾಡಿತು.

ಮೂರನೆಯ ದಿನ ರೊಟ್ಟಿ ಬಡಿಯುತ್ತಿದ್ದ ವೈನಿ ಮಗಳನ್ನು ಕರೆದರು. "ಅದೇನೋ ತಾನಾ ಅಂತಿಯಲ್ಲ, ನನಗೂ ಕಲಿಸ. ತವರಮನಿ ನಿಡೋಣ್ಯಾಗ ನಮಗ ಯಾರ್ ಕಲಿಸ್ಯಾರ?"

ಗೌರಿ ಹೇಳಿಕೊಟ್ಟಳು. ವೈನಿ ಹಾಡಿದರು. ಹಳೆಯ ಬಸ್ಸು ಗೇರು ಬದಲಿಸಿದಂತಿತ್ತು.

"ಹಂಗಲ್ಲ ಯವ್ವಾ, ಅವಸರ ಮಾಡಾಕತ್ತಿ ನೀ. ಕೇಳಿಲ್ಲೆ." ಮಗಳು ಹಾಡಿ ತೋರಿಸಿದಳು. ತಾಯಿ ಮತ್ತೆ ತಪ್ಪಿದರು. "ಎಷ್ಟ್ ಸಲ ಹೇಳಬೇಕ ಬೇ ನಿನಗ?"

"ದಡ್ಡಿ ಅದೀನಿ. ಇನ್ನೊಮ್ಮೆ ಹೇಳ."

ಬುಟ್ಟಿಯಲ್ಲಿ ಎಷ್ಟು ರೊಟ್ಟಿ ಬಿತ್ತೋ ಅಷ್ಟು ಸಲ ಗೌರಿ ತಾನ ಹಾಡಿದ್ದಳು. ಇದು ನಾಟಕವೆಂದು ನನ್ನ ಗುಮಾನಿ. ಕೇಳಿಯೇಬಿಟ್ಟೆ.

"ನಾಟಕ ಯಾಕ ಮಾಡ್ಲಿ? ನನಗ ಖರೇನ ಬರವಲ್ದು," ಎಂದರು ವೈನಿ.

ನನ್ನ ವಾದವನ್ನು ಅಲ್ಲೇ ಹಿಂತೆಗೆದುಕೊಂಡೆ. ಹೊಗಳುವವರನ್ನು ಅಣ್ಣ ಕರೆತಂದಿದ್ದ, ಕಾವಲು ನಾನು ಕೂತಿದ್ದೆ. ತನಗಿಂತ ಕಡಿಮೆ ಬಲ್ಲವರೊಬ್ಬರು, ನಾಚದೆ ತಪ್ಪುವವರು, ಆ ಮಗುವಿಗೆ ಸಿಕ್ಕಿರಲೇ ಇಲ್ಲ.

ಭಾನುವಾರ ಗುರುಗಳ ಮನೆಗೆ ಎಲ್ಲರೂ ಹೋದೆವು. ಗೌರಿಯ ತಾನ ಮೇಲೇರಿತು, ತಿರುಗಿತು, ಇಳಿಯಿತು. ತಬಲಾದ ಪೆಟ್ಟೂ ಅವಳ ಸ್ವರವೂ ಒಂದೇ ಕ್ಷಣಕ್ಕೆ ಸಮಕ್ಕೆ ಬಿದ್ದವು. ಸಾಲಿನ ಮಕ್ಕಳೆಲ್ಲ ಹೋ ಎಂದರು. ಅಣ್ಣ ಎದ್ದೇ ನಿಂತ.

"ಮನ್ಯಾಗ ಯಾರ್ ಕಲಿಸ್ಯಾರ ನಿನಗ?" ಎಂದರು ಗುರುಗಳು.

"ನನಗ ಯಾರೂ ಕಲಿಸಿಲ್ರಿ. ನಾನ ಅವ್ವಗ ಕಲಿಸಾಕತ್ತೇನಿ. ಆಕಿಗಿನ್ನೂ ಬಂದಿಲ್ಲ. ಇರಲಿ, ಮುಂದಿಂದು ಕೊಡ್ರಿ, ಅದನ್ನೂ ಹೇಳಿಕೊಡ್ತೀನಿ."

ವೈನಿ ತಲೆ ತಗ್ಗಿಸಿ ವಿಧೇಯರಾಗಿ ಕೂತಿದ್ದರು. ದಡ್ಡ ವಿದ್ಯಾರ್ಥಿನಿಯೊಬ್ಬಳ ಮುಖ ಅಷ್ಟು ಹೊಳೆದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.