ದೊಡ್ಡಮ್ಮನ ನಿಂಬೆಹಣ್ಣು, ಗಡಿ ದಾಟದ ಕಾರ್ಡು

ಮೊನ್ನೆ ದಿಂಬಂ ಘಾಟಿ ಇಳಿಯುವ ಬಸ್ಸಿನಲ್ಲಿ ಯಾರೋ ನಿಂಬೆಹಣ್ಣನ್ನು ಉಗುರಿನಲ್ಲಿ ಗೀರಿ ಮೂಸಿದರು. ಆ ವಾಸನೆಗೆ ನಮ್ಮ ತಿಗನಾರೆಯ ಪಕ್ಕದ ಮನೆ ದೊಡ್ಡಮ್ಮ ಬಂದು ನನ್ನ ಸೀಟಿನಲ್ಲೇ ಕೂತಂತಾಯಿತು...

ದೊಡ್ಡಮ್ಮನಿಗೆ ಕಿಡ್ನಿ ಕೆಟ್ಟಿತ್ತು. ವಾರವಾರ ಡಯಾಲಿಸಿಸ್ ಆಗಲೇಬೇಕಿತ್ತು. ಹತ್ತಿರದ ಆಸ್ಪತ್ರೆ ಗಡಿಯಾಚೆಯ ಚಾಮರಾಜನಗರದ್ದು, ನೆಟ್ಟಗಿನ ರಸ್ತೆ. ಆದರೆ ಬೆಟ್ಟದ ಮೇಲಿನ ನಮ್ಮೂರು ತಮಿಳುನಾಡಿಗೆ ಸೇರಿದ್ದು; ಸರ್ಕಾರದ ವಿಮೆ ಕಾರ್ಡು, ನಮ್ಮ ಬಾಯಲ್ಲಿ ಕಾಪೀಟು ಕಾರ್ಡು, ಅಲ್ಲಿನದೇ. ಗಡಿ ದಾಟಿದರೆ ನಡೆಯುತ್ತಿರಲಿಲ್ಲ. ಹಾಗಾಗಿ ಹಾಸನೂರು ದಾಟಿ, ಘಾಟಿ ಇಳಿದು ಸತ್ಯಮಂಗಲಕ್ಕೇ ಹೋಗಬೇಕು. ತಿರುವು ತಿರುವಿಗೂ ಅವರಿಗೆ ವಾಂತಿ. ಮನೆ ಮುಂದಿನ ಗಿಡದ ನಿಂಬೆಹಣ್ಣನ್ನು ಸೆರಗಿಗೆ ಕಟ್ಟಿಕೊಂಡು ಬಸ್ಸು ಹತ್ತುವರು. ಒಂದು ತಮಗೆ, ಮಿಕ್ಕದ್ದೆಲ್ಲ ಬಸ್ಸಿನ ಬಸುರಿಯರಿಗೆ, ಮಕ್ಕಳಿಗೆ. ಕಂಡಕ್ಟರಿಗೂ ಒಂದು! "ಮೂಸ್ಕಳಪ್ಪ, ನಿಂಗೂ ಒಟ್ಟೆ ತೊಳಸ್ತದೆ" ಎಂದು ರೇಗಿಸುವರು.

ಕಾರ್ಡು ಗಡಿಯಾಚೆಗೂ ನಡೆಯಲಿ ಎಂದು ಊರವರೆಲ್ಲ ಮನವಿ ಕೊಟ್ಟಿದ್ದೆವು. ಹೆಬ್ಬೆಟ್ಟು ಒತ್ತಲು ದೊಡ್ಡಮ್ಮನೇ ಮುಂದು. ಆಮೇಲೆ ಚೆನ್ನೈನಲ್ಲಿ ವಿಧಾನಸಭೆ ಸೇರಿತೆಂದರೆ ಸಾಕು, ಬೇಲಿಯಾಚೆಯಿಂದ ಕೂಗು.

"ಏನ್ಲಾ ಮಗ, ನಮ್ಮಾತು ಬಂತಾ?"

ನಾನು ಟಿವಿಗೆ ಕಿವಿಕೊಟ್ಟು ಕೂತರೆ ಅಲ್ಲಿ ಯಾರ್ಯಾರದೋ ಜಗಳ, ಕಿರುಚಾಟ... ನಮ್ಮ ಬೆಟ್ಟದ ಹೆಸರು ಒಬ್ಬರ ಬಾಯಲ್ಲೂ ಬರಲಿಲ್ಲ. ನನಗೋ ಮೈಯೆಲ್ಲ ಉರಿಯುತ್ತಿತ್ತು. ದೊಡ್ಡಮ್ಮ ಮಾತ್ರ, "ಬುಡ್ಲಾ, ಮುಂದ್ಲ ಕಿತ ಬತ್ತದ ಕಣ" ಎಂದು ಹಣ್ಣು ಕೀಳಲು ಹೋಗುವರು.

ಒಂದು ಬೆಳಿಗ್ಗೆ ಬಸ್ಸು ಬಂದು ಹಾರ್ನ್ ಹೊಡೆದರೂ ಅವರು ಜಗಲಿಯಿಂದ ಏಳಲಿಲ್ಲ. ಓಡಿಹೋಗಿ ಕರೆದೆ.

"ಇನ್ನು ಆ ಘಾಟಿ ಇಳಿಯಕ್ಕಾಗಕಿಲ್ಲ ಕಣ್ಲಾ... ಈ ನಿಂಬೆಣ್ಣ ಬಸ್ನೋರ್ಗೆ ಕೊಟ್ಬುಡು."

ಬಸ್ಸು ಅವರನ್ನು ಬಿಟ್ಟು, ಅವರ ಹಣ್ಣು ಹೊತ್ತುಕೊಂಡು ಹೋಯಿತು. ಮಗ ಸೊಸೆ ಕಾಲು ಹಿಡಿದರೂ ದೊಡ್ಡಮ್ಮ ಮತ್ತೆ ಬಸ್ಸು ಹತ್ತಲಿಲ್ಲ. ಆ ತಿಂಗಳು ಮುಗಿಯುವುದರೊಳಗೆ ಹೋಗಿಬಿಟ್ಟರು. ಎಂಥ ಜೀವ ಅದು...

ನಿನ್ನೆ ಸಂಜೆ ಟಿವಿಯಲ್ಲಿ ಹೇಳಿದರು. ಬರುವ ಅಧಿವೇಶನದಲ್ಲಿ ವಿಮೆಗೆ ಇನ್ನಷ್ಟು ಹಣ ಇಡುತ್ತಾರಂತೆ. ಗಡಿಯ ಊರಿನವರು ಪಕ್ಕದ ರಾಜ್ಯದ ಆಸ್ಪತ್ರೆಯಲ್ಲೂ ಕಾರ್ಡು ತೋರಿಸಬಹುದೇ ಎಂದು ತೀರ್ಮಾನಿಸುತ್ತಾರಂತೆ. ನಾನು ಬರಿಗಾಲಲ್ಲೇ ಬೇಲಿಗೆ ಓಡಿದೆ.

"ದೊಡ್ಡಮ್ಮಾ, ನಮ್ಮಾತು ಬಂತು!"

ಕೂಗಿಯೇ ಬಿಟ್ಟಿದ್ದೆ. ಅವರ ಸೊಸೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ಯಾರ್ನ ಕೂಗುದ್ರಿ ಬಾವ?"

ನಿಂಬೆಗಿಡದ ಕಡೆ ತಿರುಗಿದೆ. ಗಿಡದ ತುಂಬ ಹಣ್ಣು ಬಿಟ್ಟಿತ್ತು.

"ಏನಿಲ್ಲ ಕಣವ್ವ... ಒಂದ್ ನಿಂಬೆಣ್ಣು ಕೊಡು" ಎಂದೆ.