ಹುಳದ ಮೂಲ

ಮನೆಯಲ್ಲಿ ಸೇಬು ಕಳಿತರೆ ನಾನು ಅಡುಗೆಮನೆಗೆ ಕಾಲಿಡುವುದಿಲ್ಲ. ಇವತ್ತೂ ಹಾಗೇ ಹೊರಗೆ ಬಂದು ಕೂತಿದ್ದೇನೆ. ಸೊಸೆ ಇದನ್ನು ಮಡಿಯೆಂದುಕೊಂಡಿದ್ದಾಳೆ. ನಿಜ ಹೇಳಿದರೆ ನೀವೂ ನಗುತ್ತೀರಿ: ನನಗೆ ಹೆದರಿಕೆ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಶಾಲೆಗೆಂದು ನನ್ನನ್ನು ಮದರಾಸಿನ ಎಗ್ಮೋರಿನಲ್ಲಿದ್ದ ಚಿಕ್ಕಪ್ಪನ ಮನೆಯಲ್ಲಿ ಬಿಟ್ಟಿದ್ದರು. ಅವರು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ಮದುವೆಯಾಗಿ ಹನ್ನೆರಡು ವರ್ಷವಾದರೂ ಮಕ್ಕಳಿರಲಿಲ್ಲ. ನಮ್ಮ ಉಡುಪಿ ಕಡೆ ಮೂಲವೆಂದರೆ ವಂಶದ ನಾಗನಿರುವ ಜಾಗ. ಅದು ಮರೆತುಹೋದರೆ ಸಂತಾನವಿಲ್ಲ ಎನ್ನುತ್ತಾರೆ. ಚಿಕ್ಕಮ್ಮ ಊರಿಗೆ ಹೋದಾಗಲೆಲ್ಲ ಮೂಲ ಹುಡುಕಿಸುತ್ತಿದ್ದಳು. ತಮಿಳರಿಗೆ ಮೂಲವೆಂದರೆ ಕೂರಲಾಗದ ಕಾಯಿಲೆ. ಪಕ್ಕದ ಮನೆಯವರು ಮರುಕಪಟ್ಟು ಲೇಹ್ಯ ತಂದುಕೊಟ್ಟದ್ದೂ ಉಂಟು.

ಒಮ್ಮೆ ಚಿಕ್ಕಪ್ಪ ಹುಳು ಹುಡುಕಲೆಂದು ಅಂಡಮಾನಿಗೆ ಹಡಗು ಹತ್ತಿದರು. ಅಲ್ಲಿಂದ ಒಂದು ಕಾರ್ಡು ಬಂತು.

"ಎಂತ ಬರ್ದಿದಾರೆ, ಓದು ಮಾರಾಯ್ತಿ," ಎಂದಳು ಓದು ಬಾರದ ಚಿಕ್ಕಮ್ಮ.

ತಮಿಳು ಶಾಲೆಗೆ ಹೋಗುತ್ತಿದ್ದ ನನ್ನ ಕನ್ನಡ ಓದು ಅಷ್ಟಕ್ಕಷ್ಟೆ. ಮೊದಲ ಪದದ ಅಕ್ಷರ ಗುರುತು ಸಿಗಲಿಲ್ಲ, ಬಿಟ್ಟೆ. "ಮೂಲ ಸಿಕ್ಕಿತು, ಬಂದು ಹೇಳುತ್ತೇನೆ," ಎಂದು ಓದಿದೆ. ಚಿಕ್ಕಮ್ಮ ಖುಷಿಗೆ ಅತ್ತುಬಿಟ್ಟಳು.

ಚಿಕ್ಕಪ್ಪ ಬಂದವರೇ ಕೂಜದಿಂದ ಹತ್ತು ಕರಿ ಹುಳುಗಳನ್ನು ಹಿತ್ತಲ ತೊಟ್ಟಿಗೆ ಬಿಟ್ಟರು. ಅವು ನೀರಿನ ಮೇಲೆ ಸದ್ದಿಲ್ಲದೆ ಗಿರಗಿರನೆ ಸುತ್ತತೊಡಗಿದವು. ಅವುಗಳ ಮೈಯಿಂದ ಹೊರಟ ಕಳಿತ ಸೇಬಿನಂಥ ವಾಸನೆ ಹಿತ್ತಲು ತುಂಬಿತು.

"ಇವಕ್ಕೆ ನಾಲ್ಕು ಕಣ್ಣುಂಟು. ಎರಡು ಮೇಲೆ ನೋಡುದು, ಎರಡು ನೀರಿನೊಳಗೆ," ಎಂದರು. "ಇವುಗಳ ಕುಲ ಹಿಂದೆ ಈಚೆ ದಡದಲ್ಲೂ ಇತ್ತು. ಇಲ್ಲಿ ಎಲ್ಲ ಅಳಿದುಹೋಯ್ತು. ದ್ವೀಪದ ಒಂದು ಹಳ್ಳದಲ್ಲಿ ಮಾತ್ರ ಉಳಿದದ್ದು."

ಚಿಕ್ಕಮ್ಮ ಕೈಮುಗಿದಳು. ನಾಗ ಯಾವ ರೂಪದಲ್ಲೂ ಬರುತ್ತಾನೆಂಬುದು ಅವಳ ನಂಬಿಕೆ. ಚಿಕ್ಕಪ್ಪ ತಮಾಷೆಯೆಂದುಕೊಂಡು ಕಾಲೇಜಿಗೆ ಹೊರಟರು.

ನಾಗನಿಗೆ ಎರೆಯುವಂತೆ ಅವಳು ತೊಟ್ಟಿಗೆ ಹಾಲೆರೆದಳು. ಚೊಂಬು ತುಂಬಿಕೊಟ್ಟವಳು ನಾನೇ. ಹುಳುಗಳು ಬಿಳಿ ನೀರಿನ ಮೇಲೆ ಸುತ್ತಿದವು. ಸುತ್ತು ಕಿರಿದಾಗುತ್ತ ಬಂತು. ಕೆಳಗಿನ ಕಣ್ಣುಗಳಿಗೆ ಏನು ಕಾಣುತ್ತಿತ್ತೋ! ಒಂದೊಂದಾಗಿ ನಿಂತವು. ವಾಸನೆ ಮಾತ್ರ ಹೆಚ್ಚುತ್ತಲೇ ಹೋಯಿತು. ಚಿಕ್ಕಮ್ಮ ಕಣ್ಣು ಮುಚ್ಚಿ ಮಗು ಬೇಡುತ್ತಿದ್ದಳು.

ಸಂಜೆ ಕಾಲೇಜಿನಿಂದ ಬಂದ ಚಿಕ್ಕಪ್ಪ ಸತ್ತ ಹುಳುಗಳನ್ನು ಒಂದೊಂದಾಗಿ ಎತ್ತಿ ಅಂಗೈಯಲ್ಲಿಟ್ಟುಕೊಂಡರು. "ಯಾರು ಹಾಲು ಹಾಕಿದ್ದು?"

"ಮೂಲ ಸಿಕ್ಕಿತು ಅಂತ ನೀವೇ ಬರ್ದದ್ದಲ್ವಾ!"

ಕಾರ್ಡು ತೆಗೆದು ನೋಡಿದರು. ಮೊದಲ ಪದ "ಹುಳದ". ಆಮೇಲೆ ನನ್ನನ್ನು ನೋಡಿದರು.

"ಹೌದು. ಸಿಕ್ಕಿದ್ದು ಹುಳದ ಮೂಲ, ನಮ್ಮದಲ್ಲ. ಸರಿಯಾಗಿ ಬರೆಯದ್ದು ನನ್ನ ತಪ್ಪು," ಎಂದರು.

ಅವರಿಗೆ ಮಕ್ಕಳಾಗಲಿಲ್ಲ. ಸುಳ್ಳು ಆಸೆ ಹುಟ್ಟಿಸಿದರೆಂದು ಚಿಕ್ಕಮ್ಮ ಸಾಯುವ ತನಕ ಗಂಡನನ್ನು ಕ್ಷಮಿಸಲಿಲ್ಲ. ಚಿಕ್ಕಪ್ಪ ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ.

ಇಷ್ಟು ಬರೆದು, ಎದ್ದು ಒಳಗೆ ಹೋಗಿ ಸೊಸೆಗೆ ಎಲ್ಲ ಹೇಳಿಬಿಟ್ಟೆ: ಚಿಕ್ಕಪ್ಪ ಸರಿಯಾಗಿಯೇ ಬರೆದಿದ್ದರು.