ಯಾರಿಗಮ್ಮ ಸೊಂಟ ನೋವು, ಕೈ ಎತ್ತಿ

ಸೀರೆ ಕೊಳ್ಳಲು ಜಯನಗರಕ್ಕೆ ಬರುವ ಗೆಳತಿಯರೇ, ಇದನ್ನು ಓದಿ. ಇವತ್ತು ಬೆಳಿಗ್ಗೆ ನಮ್ಮ ಸೀರೆ ಅಂಗಡಿಯ ಓನರ್ ಫಿಸಿಯೋಥೆರಪಿ ಮೇಡಂ ಒಬ್ಬರನ್ನು ಕರೆಸಿ, ಸೇಲ್ಸ್‌ನಲ್ಲಿರುವ ನಮಗೆ ಒಂಬತ್ತು ಹೆಂಗಸರಿಗೂ ಸೊಂಟ ನೋವಿನ ವ್ಯಾಯಾಮ ಹೇಳಿಸಿದರು. ಕೈ ಮೇಲೆತ್ತಿದೆವು, ಸೊಂಟ ತಿರುಗಿಸಿದೆವು, ಗೋಡೆಗೆ ಬೆನ್ನು ಕೊಟ್ಟು ನಿಂತೆವು. ಓನರ್ ವಿಡಿಯೋ ಮಾಡಿಕೊಂಡರು.

ಮುಗಿದ ಮೇಲೆ ಮೇಡಂ ಓನರ್‌ಗೆ ಹೇಳಿದರು, "ಸಾರ್, ಎಕ್ಸರ್‌ಸೈಜ್ ಒಂದೇ ಸಾಲಲ್ಲ. ಇವರು ದಿನವೆಲ್ಲ ನಿಂತೇ ಇರ್ತಾರೆ. ಕೂತ್ಕೊಳ್ಳೋಕೆ ನಾಲ್ಕು ಸ್ಟೂಲ್ ಹಾಕ್ಸಿ."

ಓನರ್ ನಗುತ್ತಾ ನಮ್ಮ ಕಡೆ ತಿರುಗಿದರು. "ಯಾರಿಗಮ್ಮ ಸೊಂಟ ನೋವು? ಕೈ ಎತ್ತಿ, ನೋಡೋಣ."

ಹೋದ ತಿಂಗಳು ಸೊಂಟ ನೋವು ಎಂದ, ನಮ್ಮ ಜೊತೆ ಸೇಲ್ಸ್‌ನಲ್ಲಿದ್ದ ಗಿರಿಜಕ್ಕನನ್ನು "ಮನೇಲೇ ರೆಸ್ಟ್ ತಗೊಳಮ್ಮ" ಎಂದು ಕಳಿಸಿದವರು ಮತ್ತೆ ಕೆಲಸಕ್ಕೆ ಕರೆದಿಲ್ಲ. ಯಾರೂ ಕೈ ಎತ್ತಲಿಲ್ಲ. ಸೀರೆಯೊಳಗೆ ಸೊಂಟ ನೋವಿನ ಬೆಲ್ಟ್ ಕಟ್ಟಿಕೊಂಡೇ ಕೆಲಸಕ್ಕೆ ಬರುವ ನಾನೂ ನೆಲ ನೋಡುತ್ತಾ ನಿಂತೆ.

"ನೋಡಿದ್ರಾ ಮೇಡಂ, ನಿಮ್ಮ ಕೈಗುಣ!" ಎಂದರು ಓನರ್. "ಅರ್ಧ ಗಂಟೇಲಿ ಎಲ್ರಿಗೂ ವಾಸಿ ಆಗೋಯ್ತು. ಸ್ಟೂಲ್ ಯಾಕೆ ಇನ್ನು?"

ಅಂಗಡಿಯ ಪೇಜಿನಲ್ಲಿ ಆ ವಿಡಿಯೋ ಆಗಲೇ ಬಂದಿದೆ, ನೋಡಿ. ಒಂಬತ್ತು ಹೆಂಗಸರು, ಹದಿನೆಂಟು ಕೈ, ಎಲ್ಲವೂ ಮೇಲೆ. ನಮಗೆ ಕೈ ಎತ್ತಲು ಬರುವುದಿಲ್ಲ ಎಂದು ಮಾತ್ರ ಯಾರೂ ಹೇಳುವಂತಿಲ್ಲ.